ಗಾಳಿಯ ತಲೆಗೆ ಕಟ್ಟಿದ ತಪ್ಪು

ಸಾಂತಾ ಬ್ರಿಜಿಡಾ ಮಾರುಕಟ್ಟೆಯ ಚಾವಣಿ ಕುಸಿದದ್ದು ಗಾಳಿಯಿಂದ ಎಂದು ಕಾಮಗಾರಿ ಇಲಾಖೆಯ ಮುಖ್ಯ ಎಂಜಿನಿಯರು ಹ್ಯೂಬರ್ಟ್ ಸೀಲಿ ವಿಚಾರಣಾ ಆಯೋಗದ ಮುಂದೆ ಹೇಳಿದ ದಿನ, ಸಾರ್ವಜನಿಕರ ಕುರ್ಚಿಗಳಲ್ಲಿ ಇಬ್ಬರೇ ಕೂತಿದ್ದರು. ಒಬ್ಬ ಕಾವಲುಗಾರ, ಅವನಿಗೆ ನಿದ್ದೆ ಹತ್ತಿತ್ತು. ಇನ್ನೊಬ್ಬಳು ಉರ್ಸುಲಾ ಕ್ವಾಮಿನಾ. ಅದೇ ಮಾರುಕಟ್ಟೆಯಲ್ಲಿ ಈರುಳ್ಳಿ ಸೊಪ್ಪು, ಥೈಮ್, ಕಾಡುಕೊತ್ತಂಬರಿ ಸೇರಿಸಿ ಕಟ್ಟು ಕಟ್ಟಿ ಮಾರುತ್ತಿದ್ದವಳು. ಬಿಸಿಲಿನ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದು ಮಾತನ್ನೂ ಕೇಳಿದಳು. ಗಾಳಿ ಬಂತು, ಚಾವಣಿ ಹೋಯಿತು, ದೇವರ ಇಚ್ಛೆಯ ಮುಂದೆ ಇಲಾಖೆ ಏನು ತಾನೇ ಮಾಡೀತು ಎಂದು ಸೀಲಿ ಹೇಳಿದ. ಅಧ್ಯಕ್ಷರು ಬರೆದುಕೊಂಡರು. ಇಲಾಖೆಯ ವಕೀಲ ಎದ್ದು ಊಟದ ಹೊತ್ತಾಯಿತು ಎಂದ. ಎಲ್ಲರೂ ಎದ್ದರು.

ಆಯೋಗ ಕೂರುತ್ತಿದ್ದದ್ದು ಗ್ರಂಥಾಲಯದ ಮಹಡಿಯ ಮೇಲೆ. ಹೋಗಲು ಮೆಟ್ಟಿಲು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಹಾಗಾಗಿ ಆ ಚಾವಣಿ ಯಾರ ಕಾಲುಗಳ ಮೇಲೆ ಬಿದ್ದಿತ್ತೋ ಆ ಜೀಲಿಯಾ, ಉರ್ಸುಲಾಳ ತಂಗಿ, ಒಂದು ದಿನವೂ ವಿಚಾರಣೆ ನೋಡಿರಲಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಕೂತು ಅಕ್ಕನ ದಾರಿ ಕಾಯುತ್ತಿದ್ದಳು.

“ಇವತ್ತು ಏನಂತೆ?”

“ಗಾಳಿಯಂತೆ.”

“ಯಾವ ಗಾಳಿ?”

“ಅದನ್ನ ಯಾರೂ ಕೇಳ್ಲಿಲ್ಲ ಕಣೇ.”

ಜೀಲಿಯಾ ಬಟಾಣಿ ಸುಲಿಯುವುದನ್ನು ನಿಲ್ಲಿಸಿದಳು. “ಅದನ್ನೇ ಕಟಕಟೆ ಹತ್ತಿಸ್ಬೇಕಿತ್ತಲ್ಲ. ಏನಪ್ಪಾ ಗಾಳಿ, ಆ ಶುಕ್ರವಾರ ಬೆಳಿಗ್ಗೆ ನೀನು ಎಲ್ಲಿದ್ದೆ?” ಆಮೇಲೆ ತುಟಿ ಮುಂದೆ ಚಾಚಿ, ಉಸಿರೇ ಜಾಸ್ತಿ ಇರುವ ದನಿಯಲ್ಲಿ ತಾನೇ ಉತ್ತರ ಕೊಟ್ಟಳು. “ಸ್ವಾಮಿ, ನಾನು ಆಚೆ ದ್ವೀಪ ಟೊಬೇಗೋದಲ್ಲಿ ತೆಂಗಿನ ಗರಿ ಅಲ್ಲಾಡಿಸ್ತಾ ಇದ್ದೆ. ಬೇಕಿದ್ರೆ ಬೀಚಿನಲ್ಲಿ ಮಲಗಿದ್ದವರನ್ನ ಕೇಳಿ.”

ಚಾವಣಿ ಬಿದ್ದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು. ಉರ್ಸುಲಾ ಕೈಚೀಲದಿಂದ ಫೋನು ತೆಗೆದು ಮೇಜಿನ ಮೇಲಿಟ್ಟಳು.

“ಇನ್ನೊಂದು ಸಲ ಹೇಳು,” ಎಂದಳು. “ಪಾಟೀಸವಾಲು ನಾನು ಹಾಕ್ತೀನಿ.”

ಹೀಗೆ ಹುಟ್ಟಿದ ಪಾಡ್‌ಕಾಸ್ಟಿಗೆ ‘ಗಾಳೀನೇ ಮಾಡಿದ್ದು’ ಎಂದು ಹೆಸರಾಯಿತು. ಮೊದಲು ಕೇಳಿದವರು ಮಾರುಕಟ್ಟೆಯ ವ್ಯಾಪಾರಿಗಳು. ಅವರಿಂದ ಅದು ಮ್ಯಾಕ್ಸಿ ಎಂಬ ಬಾಡಿಗೆ ವ್ಯಾನು ಓಡಿಸುವವರ ಕೈಗೆ ಹೋಯಿತು. ಮ್ಯಾಕ್ಸಿಯವರು ಒಂದನ್ನು ಹಾಕಿದರೆಂದರೆ ಬೇಕಿರಲಿ ಬೇಡವಾಗಿರಲಿ ಊರಿಗೆ ಊರೇ ಕೇಳಬೇಕು.

ಹಾಸ್ಯ ಉರ್ಸುಲಾಳಿಗೆ ಹೊಸದಲ್ಲ. ಅವಳ ಅಪ್ಪ ಎಮ್ಯಾನ್ಯುಯೆಲ್ ಹಗಲಲ್ಲಿ ಬಂದರಿನಲ್ಲಿ ಮೂಟೆ ಹೊತ್ತು, ಕಾರ್ನಿವಲ್ಲಿನ ದಿನಗಳಲ್ಲಿ ಕಲಿಪ್ಸೊ ಎಂಬ ಚುಚ್ಚುಹಾಡುಗಳ ಡೇರೆಯಲ್ಲಿ ಹಾಡುತ್ತಿದ್ದ. ಎದುರಿಗೆ ನಿಂತವನನ್ನು ನಿಂತ ನಿಲುವಿನಲ್ಲೇ ಪದ ಕಟ್ಟಿ ಚುಚ್ಚುವುದು, ಅವನಿಂದ ಚುಚ್ಚಿಸಿಕೊಳ್ಳುವುದು ಅವನ ವಿದ್ಯೆ. ಅದನ್ನು ಪಿಕಾಂಗ್ ಅನ್ನುತ್ತಾರೆ. ಅಪ್ಪ ಎಂದೂ ಬಹುಮಾನ ಗೆಲ್ಲಲಿಲ್ಲ, ಆದರೆ ಅವನು ವೇದಿಕೆ ಹತ್ತಿದರೆ ಮುಂದಿನ ಸಾಲಿನವರು ಮೊದಲೇ ಮುಖ ಮುಚ್ಚಿಕೊಳ್ಳುತ್ತಿದ್ದರು. ಮಕ್ಕಳಿಬ್ಬರನ್ನೂ ಡೇರೆಯ ಹಿಂದಿನ ಪೆಟ್ಟಿಗೆಯ ಮೇಲೆ ಕೂರಿಸಿ ಒಂದೇ ಪಾಠ ಹೇಳಿಕೊಟ್ಟಿದ್ದ: ನೀನು ಯಾರಿಗೆ ಹೊಡೆಯುತ್ತೀಯೋ ಅವನು ನಿನ್ನ ಕಣ್ಣೆದುರಿಗೆ ಕೂತಿರಬೇಕು, ಮುಂದಿನ ಪದ ಅವನದಾಗಿರಬೇಕು. ಅವನ ಸರದಿ ಅವನಿಗೆ ಸಿಗದಿದ್ದರೆ ಅದು ಪಿಕಾಂಗ್ ಅಲ್ಲ, ಕಲ್ಲು ಹೊಡೆಯುವುದು.

ಉರ್ಸುಲಾಳಿಗೆ ತಿಳಿಯಬೇಕಿದ್ದದ್ದು ಒಂದೇ ಸಂಗತಿ. ಕ್ರಿಸ್‌ಮಸ್ಸಿಗೆ ಮುಂಚೆ ಚಾವಣಿಯ ತುಕ್ಕು ಹಿಡಿದ ಬೋಲ್ಟುಗಳು ತರಕಾರಿ ಬುಟ್ಟಿಗಳೊಳಗೆ ಉದುರಲು ಶುರುವಾಗಿ, ವ್ಯಾಪಾರಿಗಳನ್ನೆಲ್ಲ ಹೊರಗೆ ಹಾಕಿ ಗೇಟಿಗೆ ಬೀಗ ಜಡಿದಿದ್ದರು. ಕೆಲವೇ ದಿನಗಳಲ್ಲಿ, ಒಂದು ಬೋಲ್ಟನ್ನೂ ಬದಲಾಯಿಸದೆ, ಅದೇ ಗೇಟು ತೆರೆಯಿತು. ಹಬ್ಬದ ವ್ಯಾಪಾರ, ಎಲ್ಲರೂ ಒಳಗೆ ಓಡಿದರು. ಜೀಲಿಯಾ ಎಲ್ಲರಿಗಿಂತ ಮುಂದೆ ಓಡಿ ಒಳ್ಳೆಯ ಜಾಗ ಹಿಡಿದಳು. ಆ ಶುಕ್ರವಾರ ಚಾವಣಿ ಬಿದ್ದದ್ದು ಅದೇ ಜಾಗದ ಮೇಲೆ. ಗೇಟು ತೆರೆಯಿರಿ ಎಂದು ಹೇಳಿದವರು ಯಾರು? ಆಯೋಗದ ಅವಧಿ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಉತ್ತರ ಸಿಗದಿದ್ದರೆ ವರದಿಯಲ್ಲಿ ಗಾಳಿ ಎಂದೇ ಅಚ್ಚಾಗುತ್ತದೆ. ಅದು ಒಮ್ಮೆ ಅಚ್ಚಾದರೆ ಜೀಲಿಯಾಳ ಕಾಲುಗಳಿಗೆ ಈ ಲೋಕದಲ್ಲಿ ಯಾರೂ ಹೊಣೆಯಲ್ಲ.

ಪಾಡ್‌ಕಾಸ್ಟ್ ಊರೆಲ್ಲ ಹಬ್ಬಿದಂತೆ ಗ್ರಂಥಾಲಯದ ಮಹಡಿಯೂ ತುಂಬಿತು. ಜನ ಬೀಸಣಿಗೆ, ಪೊಟ್ಟಣದಲ್ಲಿ ಫುಲೋರಿ ಬೋಂಡಾ ಹಿಡಿದುಕೊಂಡು ಬಂದರು. ಸಾಕ್ಷಿಗಳಿಗೆಲ್ಲ ಅಕ್ಕತಂಗಿಯರು ಅಡ್ಡಹೆಸರಿಟ್ಟರು. ಈ ನಾಡಿನಲ್ಲಿ ಅಡ್ಡಹೆಸರಿಲ್ಲದವನನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಏನೇ ಕೇಳಿದರೂ ಮಂತ್ರಿಗಳ ತಲೆ ನೆನೆಯದಂತೆ ಉತ್ತರ ಕೊಡುತ್ತಿದ್ದ ಸೀಲಿ ‘ಕೊಡೆ’ಯಾದ. ಇಲಾಖೆಯ ವಕೀಲ ‘ಊಟ’ವಾದ.

ಆಮೇಲೆ ಲಾಲ್‌ಚನ್ ರಾಮುತಾರ್ ಬಂದ. ಮಾರುಕಟ್ಟೆ ಕಚೇರಿಯ ಗುಮಾಸ್ತ. ಗೇಟಿನ ಬೀಗದ ಕೈ ಅವನ ಸೊಂಟದಲ್ಲಿರುತ್ತಿತ್ತು. ತೆಳ್ಳನೆಯ ಮನುಷ್ಯ, ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿದ್ದ. ಗೇಟು ತೆರೆಯಲು ಯಾರು ಹೇಳಿದರು ಎಂದು ಕೇಳಿದಾಗ ಮೇಲೆ ನೋಡಿ, “ನೆನಪಿಲ್ಲ ಸ್ವಾಮಿ” ಎಂದ. ಹೇಗೆ ಕೇಳಿದರೂ ಅದೇ. ಅದನ್ನೂ ಎಷ್ಟು ಮೆಲ್ಲಗೆ ಅಂದನೆಂದರೆ ಬರೆದುಕೊಳ್ಳುವ ಹೆಂಗಸು ಪ್ರತಿ ಸಲ “ಏನಂದ್ರಿ?” ಎನ್ನಬೇಕಾಯಿತು.

ಆ ವಾರ ಜೀಲಿಯಾ ಖಾಲಿಯಾದ ಹಾಲಿನ ಡಬ್ಬಿಯನ್ನು ಮೈಕಿನ ಹತ್ತಿರ ಹಿಡಿದು, ಅವನು ಅಂದ ಒಂದೊಂದು ‘ನೆನಪಿಲ್ಲ’ಕ್ಕೂ ಚಮಚದಿಂದ ಒಂದೊಂದು ಏಟು ಹಾಕಿದಳು. ಟಂಗ್. “ಕೇಳಿದ್ರಾ, ಒಳಗೆ ಏನೂ ಇಲ್ಲ,” ಎಂದಳು. ಉರ್ಸುಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಲಾಲ್‌ಚನ್ ‘ಖಾಲಿ ಡಬ್ಬಿ’ಯಾದ. ಅದುವರೆಗೆ ಅವರು ಮಾಡಿದ್ದರಲ್ಲಿ ಜನ ಅತಿ ಹೆಚ್ಚು ಕೇಳಿದ್ದು ಅದನ್ನೇ.

ಅವನನ್ನು ಎರಡನೆಯ ಸಲ ಕರೆದ ದಿನ ಸಾಕ್ಷಿಯ ಕುರ್ಚಿ ಖಾಲಿ ಇತ್ತು. ರಾಮುತಾರ್ ಅವರಿಗೆ ಮೈ ಸರಿಯಿಲ್ಲ ಎಂದು ಇಲಾಖೆಯ ವಕೀಲ ತಿಳಿಸಿದ. ಕೊಡೆ ಕಾಲ ಮೇಲೆ ಕಾಲು ಹಾಕಿಕೊಂಡ.

ಮರುದಿನ ಬೆಳಿಗ್ಗೆ ಉರ್ಸುಲಾ ರಸ್ತೆಬದಿಯ ಮೇಜಿನ ಮೇಲೆ ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಾಗ ಒಬ್ಬ ಹೆಂಗಸು ಬಂದು ನಿಂತಳು. ಏನನ್ನೂ ಮುಟ್ಟಲಿಲ್ಲ, ಬೆಲೆ ಕೇಳಲಿಲ್ಲ.

“ನಿಮ್ಮ ದನಿ ಫೋನಿನಲ್ಲಿ ಇನ್ನೂ ದಪ್ಪ ಕೇಳುತ್ತೆ, ಮಿಸ್ ಉರ್ಸುಲಾ,” ಎಂದಳು.

“ಫೋನು ಎಲ್ಲರನ್ನೂ ದಪ್ಪ ಮಾಡುತ್ತಮ್ಮ. ನೀವು ಯಾರು?”

“ಖಾಲಿ ಡಬ್ಬಿಯ ಹೆಂಡತಿ. ಸುಮಿಂತ್ರಾ.”

ಉರ್ಸುಲಾ ನೀರಿನ ಚೊಂಬನ್ನು ಕೆಳಗಿಟ್ಟಳು.

“ಮೊದಲನೇ ದಿನ ಅವರು ಹೆದರಿದ್ರು. ಅದು ನಿಜ,” ಎಂದಳು ಸುಮಿಂತ್ರಾ. “ಆದ್ರೆ ಎರಡನೇ ಸಲ ಹೋಗಿ ಎಲ್ಲಾ ಹೇಳ್ಬಿಡ್ತೀನಿ ಅಂತ ಕನ್ನಡಿ ಮುಂದೆ ನಿಂತು ಒಪ್ಪಿಸ್ಕೋತಾ ಇದ್ರು. ಅಷ್ಟರಲ್ಲಿ ನಿಮ್ಮ ಡಬ್ಬಿ ಬಂತು. ಅವರು ಬೀದೀಲಿ ಹೋದ್ರೆ ಅಂಗಡಿಯವರು ಟಂಗ್ ಅನ್ನಿಸ್ತಾರೆ. ಮ್ಯಾಕ್ಸಿ ಹತ್ತಿದ್ರೆ ಡ್ರೈವರ್ ಬಾಗಿಲು ಬಡಿತಾನೆ. ಮೊನ್ನೆ ದೇವಸ್ಥಾನದಲ್ಲಿ ಪೂಜೆಗೆ ಕೂತಾಗ ಯಾರೋ ಲೋಟಕ್ಕೆ ಚಮಚ ಹೊಡೆದ್ರು. ಪಂಡಿತರೂ ನಕ್ಕರು. ಆಮೇಲೆ ಅವರು ಮನೆ ಬಿಟ್ಟು ಹೊರಗೆ ಬಂದಿಲ್ಲ. ಮೈಗೇನೂ ಆಗಿಲ್ಲ.”

“ಎಲ್ಲಾ ಅಂದ್ರೆ, ಏನು ಹೇಳ್ಬೇಕು ಅಂತಿದ್ರು?”

“ಅದು ನಿಮ್ಮ ತಮಾಷೆಗೆ ಬೇಕಾ?”

ಉರ್ಸುಲಾ ಒಂದು ಕಟ್ಟು ಕೈಗೆತ್ತಿಕೊಂಡು ದಾರ ಬಿಚ್ಚಿದಳು. ಸುಮಿಂತ್ರಾ ಹೋದ ಮೇಲೂ ಬಹಳ ಹೊತ್ತು ಒಂದೇ ಕಟ್ಟಿನ ದಾರವನ್ನು ಕಟ್ಟಿ ಬಿಚ್ಚಿ ಮಾಡುತ್ತಿದ್ದಳು. ಫೋನಿಗೆ ಮುಂದಿನ ಸಾಲು ಎಂಬುದಿಲ್ಲ. ಹೊಡೆಸಿಕೊಂಡವನು ಎಲ್ಲೋ ತನ್ನ ಮನೆಯಲ್ಲಿ ಒಬ್ಬನೇ ಕೂತಿರುತ್ತಾನೆ. ಅವನ ಪದ ಬರುವುದೇ ಇಲ್ಲ. ಅಪ್ಪನ ಡೇರೆಯಲ್ಲಿ ಬೆಳೆದ ತಾನು ಇದನ್ನು ಹೇಗೆ ಮರೆತೆ ಎಂದುಕೊಂಡಳು. ಆಮೇಲೆ, ಮರೆತದ್ದನ್ನು ನೆನೆಯುತ್ತ ಕೂತರೆ ತಿಂಗಳು ಮುಗಿದುಹೋಗುತ್ತದೆ ಎಂದುಕೊಂಡು ಮೇಜು ಮಡಚಿದಳು.

ಜೀಲಿಯಾ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ.

“ಗೇಟು ತೆಗೆದವನು ಅವನು. ನಾನು ಒಳಗೆ ಹೋಗಿದ್ದು ಆ ಗೇಟಿನಲ್ಲೇ. ಈಗ ಕ್ಷಮಿಸಪ್ಪಾ ಅಂತ ನಾನು ಕೇಳ್ಬೇಕಾ?”

“ಕ್ಷಮೆ ಅಂತ ಯಾರು ಹೇಳಿದ್ರು? ಅವನ ಸರದಿ ಅವನಿಗೆ ಕೊಡೋಣ ಅಂದೆ.”

“ನಿನಗೆ ಬೇಕಿರೋದು ಅವನ ಸಾಕ್ಷಿ.”

“ಹೌದು, ಬೇಕು. ನಿನಗೆ ಬೇಡ್ವಾ?”

ಜೀಲಿಯಾ ಗಾಲಿಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. “ಅವನು ನನ್ನ ಕಾಲಿನ ಮೇಲೇನಾದ್ರೂ ತಮಾಷೆ ಮಾಡಿದ್ರೆ?”

“ಮಾಡಿದ್ರೆ ಮಾಡ್ತಾನೆ. ಅಪ್ಪ ಏನು ಹೇಳಿಕೊಟ್ಟಿದ್ದು?”

“ಅಪ್ಪನಿಗೇನು, ಅವನಿಗೆ ಎರಡೂ ಕಾಲು ಗಟ್ಟಿ ಇತ್ತು,” ಎಂದಳು ಜೀಲಿಯಾ. ಆಮೇಲೆ, ತಿರುಗದೆಯೇ, “ಭಾನುವಾರ ಕರಿ. ಪೆಲಾವ್ ನಾನೇ ಮಾಡ್ತೀನಿ. ಖಾರ ಜಾಸ್ತಿ ಹಾಕ್ತೀನಿ,” ಎಂದಳು.

ಲಾಲ್‌ಚನ್‌ನ ಮನೆ ಹಳೆಯ ಕಬ್ಬಿನ ಗದ್ದೆಗಳ ಪಕ್ಕದಲ್ಲಿ, ಕಂಬಗಳ ಮೇಲೆ ನಿಂತಿತ್ತು. ಕೆಳಗಿನ ನೆರಳಿನಲ್ಲಿ ಅವನು ಜೋಲಿಯಲ್ಲಿ ಮಲಗಿದ್ದ. ಉರ್ಸುಲಾಳನ್ನು ಕಂಡು ಎದ್ದು ಕೂತ. ಕಾಲು ನೆಲಕ್ಕೆ ಸಿಗದೆ ಜೋಲಿ ತೂಗಾಡಿತು.

“ಡಬ್ಬಿ ತಂದಿದ್ದೀರಾ?” ಎಂದ.

“ಇಲ್ಲ. ಬರಿಗೈಯಲ್ಲಿ ಬಂದಿದ್ದೀನಿ. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬನ್ನಿ. ನೀವು ಹೇಳೋದನ್ನೆಲ್ಲಾ ಹೇಳೋವರೆಗೂ ನಾನು, ನನ್ನ ತಂಗಿ ಬಾಯಿ ಬಿಡಲ್ಲ. ನಮ್ಮನ್ನ ಹೇಗೆ ಬೇಕೋ ಹಾಗೆ ಚುಚ್ಚಿ. ನಾವು ಎಷ್ಟು ಜನಕ್ಕೆ ಕೇಳ್ಸಿದ್ವೋ ಅಷ್ಟೂ ಜನಕ್ಕೆ ಅದನ್ನೂ ಕೇಳಿಸ್ತೀನಿ.”

“ನನಗೆ ಹಾಡೋಕೆ ಬರಲ್ಲ.”

“ಬೈಯೋಕೆ ಬರುತ್ತಲ್ಲ?”

ಅವನು ಕಂಬ ಹಿಡಿದು ಜೋಲಿ ನಿಲ್ಲಿಸಿದ. ಆಮೇಲೆ, “ಆಯೋಗಕ್ಕೆ ನಾನು ಬರ್ಲಿ ಅಂತ ಇದೆಲ್ಲಾ?” ಎಂದ.

“ನೀವು ಬಂದು ಹೇಳ್ಬೇಕು ಅನ್ನೋದು ನನ್ನ ಆಸೆ. ಅದನ್ನ ಮುಚ್ಚಿಡಲ್ಲ. ಆದ್ರೆ ನೀವು ಬರದಿದ್ರೂ ಭಾನುವಾರ ನಿಮ್ಮದೇ. ಅದು ನಿಮಗೆ ಸಲ್ಲಬೇಕಾದ ಸರದಿ.”

“ನಿಮ್ಮ ತಂಗಿ ಅಲ್ಲೇ ಇರ್ತಾರಾ?”

“ಎದುರಿಗೇ.”

ಅವನು ಜೋಲಿಯ ಹಗ್ಗ ಹಿಡಿದುಕೊಂಡು ನೆಲ ನೋಡಿದ.

ಭಾನುವಾರ ಉರ್ಸುಲಾ ಅಡುಗೆಮನೆಯ ಮೇಜನ್ನು ಗೋಡೆಗೆ ತಳ್ಳಿ, ಅಕ್ಕಪಕ್ಕದ ಮನೆಗಳಿಂದ ಬೆಂಚು ತಂದು ಹಾಕಿದಳು. ಈ ಸಲ ಮುಂದಿನ ಸಾಲು ಇರಲೇಬೇಕೆಂದು ಅವಳ ಹಟ. ಮಾರುಕಟ್ಟೆಯವರು ಬಂದರು, ಮ್ಯಾಕ್ಸಿ ಓಡಿಸುವ ಇಬ್ಬರು ಬಾಗಿಲಿಗೆ ಒರಗಿ ನಿಂತರು. ಪೆಲಾವ್ ಬಡಿಸಿ ಮುಗಿಯುವ ಹೊತ್ತಿಗೆ ಲಾಲ್‌ಚನ್ ಬಂದ. ಕತ್ತಿನವರೆಗೂ ಗುಂಡಿ ಹಾಕಿದ್ದ. ಹಿಂದೆ ಸುಮಿಂತ್ರಾ. ಅವನ ಕೈಯಲ್ಲಿ ಒಂದು ಹಾಲಿನ ಡಬ್ಬಿ ಇತ್ತು, ಚಮಚದ ಸಮೇತ.

ಮೊದಮೊದಲು ದನಿ ಹೊರಡಲಿಲ್ಲ. ಹಿಂದಿನವರು “ಜೋರಾಗಿ ಅಣ್ಣಾ” ಎಂದರು. ಅವನು ಗಂಟಲು ಸರಿಮಾಡಿಕೊಂಡ.

“ಮಿಸ್ ಉರ್ಸುಲಾ ಸೊಪ್ಪಿನ ಕಟ್ಟು ಮಾರ್ತಾರೆ,” ಎಂದ. “ಹೊರಗಡೆ ಈರುಳ್ಳಿ ಸೊಪ್ಪು. ಬಿಚ್ಚಿದ್ರೆ ಒಳಗೆ ಗರಿಕೆ.” ಟಂಗ್.

ಟೊಮೇಟೊ ಮಾರುವ ಹೆಂಗಸು ಬೆಂಚಿನಿಂದ ಬೀಳುವ ಹಾಗೆ ನಕ್ಕಳು.

“ಕಚೇರಿಗೆ ದೂರು ಕೊಡೋಕೆ ಬರ್ತಿದ್ರು. ಮೊದಲು ದನಿ ಬರ್ತಿತ್ತು. ಆಮೇಲೆ ಟೋಪಿ ಬರ್ತಿತ್ತು. ಅವರು ಬರೋ ಹೊತ್ತಿಗೆ ನಾವು ಕಿಟಕಿಯಿಂದ ಇಳಿದು ಹೋಗಿರ್ತಿದ್ವಿ.” ಟಂಗ್. “ಗಾಳಿ ನನ್ನ ಹತ್ರ ಬಂದು ಅಳ್ತಾ ಇತ್ತು. ಏನಪ್ಪಾ ಅಂದ್ರೆ, ಎಲ್ಲಾ ಉಸಿರನ್ನೂ ಆ ಯಮ್ಮನೇ ತಗೊಂಡ್ಬಿಟ್ಳು, ನನಗೆ ಬೀಸೋಕೆ ಏನೂ ಉಳಿದಿಲ್ಲ ಅಂತು.” ಟಂಗ್.

ಮ್ಯಾಕ್ಸಿಯವರು ಬಾಗಿಲು ಬಡಿದರು. ಆದರೆ ಈ ಸಲ ಅದು ಅವನ ಪರವಾಗಿ. ಉರ್ಸುಲಾ ಮಾತು ಕೊಟ್ಟಂತೆ ತುಟಿ ಬಿಗಿಹಿಡಿದು, ಟೋಪಿಯನ್ನು ತಲೆಯಿಂದ ತೆಗೆದು ಅವನಿಗೆ ಬಾಗಿದಳು. ಲಾಲ್‌ಚನ್ ಮೇಲಿನ ಒಂದು ಗುಂಡಿ ಬಿಚ್ಚಿದ. ಅವನ ಹೆಂಡತಿ ಮೂಲೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

ಆಮೇಲೆ ಅವನು ಜೀಲಿಯಾಳ ಕಡೆ ತಿರುಗಿದ. ಅವಳು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದಳು.

“ಹೇಳಿ,” ಎಂದಳು ಅವಳು, ಬಾಯಿ ಬಿಡುವುದಿಲ್ಲವೆಂದು ಕೊಟ್ಟ ಮಾತು ಮುರಿದು. “ನನಗೂ ಒಂದು ಪದ ಇರ್ಬೇಕಲ್ಲ.”

ಅವನು ಡಬ್ಬಿಯನ್ನು ನೆಲದ ಮೇಲಿಟ್ಟ.

“ನಿಮಗೆ ಪದ ಇಲ್ಲ, ಮಿಸ್ ಜೀಲಿಯಾ. ಗೇಟು ತೆಗೆದಿದ್ದು ನಾನೇ. ಬೆಳಿಗ್ಗೆ ಕಚೇರಿಗೆ ಒಂದು ಫೋನ್ ಬಂತು. ಆ ಕಡೆ ಮಾತಾಡಿದ್ದು—”

ಉರ್ಸುಲಾ ಕೈಚಾಚಿ, ರೆಕಾರ್ಡ್ ಮಾಡುತ್ತಿದ್ದ ತನ್ನ ಫೋನನ್ನು ಆರಿಸಿದಳು.

ಅಡುಗೆಮನೆ ಪೂರ್ತಿ ಗದ್ದಲವಾಯಿತು. “ಏನ್ ಮಾಡ್ತಿದೀಯ ಉರ್ಸುಲಾ?” ಎಂದಳು ಟೊಮೇಟೊ ಮಾರುವವಳು. “ಬಾಯಿಗೆ ಬಂದ ತುತ್ತು ಕಿತ್ಕೊಂಡೆಯಲ್ಲ. ಹೇಳ್ಲಿ ಬಿಡು.”

“ಇಲ್ಲಿ ಬೇಡ,” ಎಂದಳು ಉರ್ಸುಲಾ. ಆ ಹೆಸರು ಕೇಳುವ ಆಸೆ ಅವಳಿಗೆ ಎಲ್ಲರಿಗಿಂತ ಹೆಚ್ಚಿತ್ತು. “ಇಲ್ಲಿ ಹೇಳಿದ್ರೆ ಅದು ತಮಾಷೆ. ನಾಳೆ ಆ ವಕೀಲ ‘ಊಟ’ ಎದ್ದು ನಿಂತು, ಸ್ವಾಮಿ, ಇದು ಅಡುಗೆಮನೆ ಹಾಸ್ಯ, ಪೆಲಾವ್ ತಿಂದು ಆಡಿದ ಮಾತು ಅಂತಾನೆ. ಲಾಲ್‌ಚನ್, ನಿಮ್ಮ ಸರದಿ ಮುಗೀತು. ನಮ್ಮಿಬ್ಬರ ಲೆಕ್ಕ ಸರಿಹೋಯ್ತು. ಈ ಮಾತು ಮಾತ್ರ ಮಹಡಿ ಮೇಲೆ ಹೇಳೋದು. ಹೇಳ್ತೀರೋ ಇಲ್ವೋ, ನಿಮಗೆ ಬಿಟ್ಟಿದ್ದು.”

ಲಾಲ್‌ಚನ್ ಜೀಲಿಯಾಳನ್ನೇ ನೋಡುತ್ತಿದ್ದ. “ಅಲ್ಲಿ ಅವರು ಕೇಳೋವಾಗ ನನ್ನ ದನಿ ಹೋಗಿಬಿಡುತ್ತೆ,” ಎಂದ.

“ಮೇಲೆ ಸೂರು ನೋಡಿದ್ರೆ ದನಿ ಹೋಗ್ದೆ ಏನಾಗುತ್ತೆ?” ಎಂದಳು ಜೀಲಿಯಾ. “ನನ್ನ ನೋಡ್ಕೊಂಡು ಹೇಳಿ. ನಾನೂ ಬರ್ತೀನಿ.”

ಆ ಪಾಡ್‌ಕಾಸ್ಟಿನ ಕೊನೆಗೆ ಉರ್ಸುಲಾ ಸೇರಿಸಿದ್ದು ಒಂದೇ ಮಾತು. ವಿಚಾರಣೆಯ ಕೊನೆಯ ದಿನ ಎಲ್ಲರೂ ಬನ್ನಿ, ಡಬ್ಬಿ ಮನೆಯಲ್ಲೇ ಬಿಟ್ಟು ಬನ್ನಿ.

ಆ ದಿನ ಮಾರುಕಟ್ಟೆಯ ಹಮಾಲರು ನಾಲ್ವರು ಜೀಲಿಯಾಳನ್ನು ಕುರ್ಚಿಯ ಸಮೇತ ಎತ್ತಿ ಗ್ರಂಥಾಲಯದ ಮೆಟ್ಟಿಲು ಹತ್ತಿಸಿದರು. “ನಿಧಾನ ಕಣ್ರೋ, ನಾನು ಆಲೂಗಡ್ಡೆ ಮೂಟೆ ಅಲ್ಲ,” ಎಂದು ಅವಳು ಗದರುತ್ತಿದ್ದಳು. “ಮೂಟೆ ಆಗಿದ್ರೆ ಬಾಯಿ ಇರ್ತಿರ್ಲಿಲ್ಲ ಆಂಟಿ,” ಎಂದ ಮುಂದೆ ಹಿಡಿದಿದ್ದವನು. ಕಾವಲುಗಾರ ಎದ್ದು ಬಾಗಿಲು ಹಿಡಿದ. ಅವಳನ್ನು ಸಾಕ್ಷಿಯ ಕುರ್ಚಿಗೆ ನೇರ ಎದುರಾಗಿ, ಮುಂದಿನ ಸಾಲಿನಲ್ಲಿ ಇಳಿಸಿದರು. ಚಾವಣಿ ಯಾರ ಮೇಲೆ ಬಿದ್ದಿತ್ತೆಂಬುದನ್ನು ಅಧ್ಯಕ್ಷರು ಕಣ್ಣಾರೆ ನೋಡಿದ್ದು ಅಂದೇ ಇರಬೇಕು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಲಾಲ್‌ಚನ್ ಬಂದು ಕೂತ. ಆಯೋಗದ ವಕೀಲರು ಕೇಳಿದರು: “ಗೇಟು ತೆರೆಯಲು ನಿಮಗೆ ಯಾರು ಹೇಳಿದರು, ನೆನಪಿದೆಯೇ?”

ಅಷ್ಟು ಜನ ಸೇರಿದ್ದ ಜಾಗದಲ್ಲಿ ಒಂದು ಬೀಸಣಿಗೆಯೂ ಆಡಲಿಲ್ಲ. ಲಾಲ್‌ಚನ್‌ನ ಕಣ್ಣು ಸೂರಿನ ಕಡೆ ಏಳಲು ಹೊರಟಿತು. ಅರ್ಧಕ್ಕೇ ಆ ಕಣ್ಣು ಕೆಳಗಿಳಿದು ಜೀಲಿಯಾಳ ಮುಖದ ಮೇಲೆ ನಿಂತಿತು.

“ನೆನಪಿದೆ,” ಎಂದ. ಬರೆದುಕೊಳ್ಳುವ ಹೆಂಗಸು ಏನಂದ್ರಿ ಎಂದು ಕೇಳಬೇಕಾಗಲಿಲ್ಲ. “ಎಂಜಿನಿಯರು ಸೀಲಿ ಅವರು. ಬೋಲ್ಟು ಹಾಕಿಲ್ಲ ಸರ್, ಜನ ಒಳಗೆ ಬಂದ್ರೆ ಏನಾದ್ರೂ ಆದೀತು ಅಂದೆ. ಮಂತ್ರಿಗಳು ಹಬ್ಬಕ್ಕೆ ಮಾರುಕಟ್ಟೆ ನೋಡೋಕೆ ಬರ್ತಾರೆ, ಖಾಲಿ ಇರಬಾರದು, ಬೀಗ ತೆಗಿ ಅಂದ್ರು. ತೆಗೆದೆ. ಅವರು ಫೋನಿನಲ್ಲಿ ಕೂಗಿದ್ದನ್ನ ನನ್ನ ಪಕ್ಕದ ಮೇಜಿನವರೂ ಕೇಳಿಸಿಕೊಂಡಿದ್ದಾರೆ. ಅವರನ್ನೂ ಕರೀರಿ.”

ಕೊಡೆ ಕಾಲಿನ ಮೇಲಿಂದ ಕಾಲು ಇಳಿಸಿದ. ಇಲಾಖೆಯ ವಕೀಲ ಎದ್ದು ನಿಂತು, ಬಾಯಿ ತೆರೆದು, ಗೋಡೆ ಗಡಿಯಾರದ ಕಡೆ ನೋಡಿದ. ಹಿಂದಿನ ಸಾಲಿನಿಂದ ಯಾರೋ “ಊಟ” ಎಂದರು. ಅಧ್ಯಕ್ಷರು ಅವರನ್ನು ಗದರಲಿಲ್ಲ. “ಊಟ ಆಮೇಲೆ,” ಎಂದು, ಪಕ್ಕದ ಮೇಜಿನವನನ್ನು ಕರೆಸಲು ಹೇಳಿ ಬರೆಯತೊಡಗಿದರು. ಅಂದು ಕತ್ತಲಾಗುವವರೆಗೂ ಆಯೋಗ ಕೂತಿತ್ತು. ಪಕ್ಕದ ಮೇಜಿನವನೂ ಅದನ್ನೇ ಹೇಳಿದ.

ವರದಿ ಬರಲು ಇನ್ನೂ ಸಮಯವಿದೆ. ಅಲ್ಲಿಯವರೆಗೆ ಉರ್ಸುಲಾ ಬೆಳಿಗ್ಗೆ ಹೊತ್ತು ರಸ್ತೆಬದಿಯಲ್ಲಿ ಕಟ್ಟು ಮಾರುತ್ತಾಳೆ. ಕೊಳ್ಳುವವರು ಮೊದಲು ದಾರ ಬಿಚ್ಚಿ, ಒಳಗೆ ಗರಿಕೆ ಇದೆಯೋ ಎಂದು ನೋಡಿ, ಅವಳ ಮುಖ ನೋಡಿ, ಆಮೇಲೆ ಕೊಳ್ಳುತ್ತಾರೆ. ಅವಳು ಅದಕ್ಕೆ ಏನೂ ಅನ್ನುವ ಹಾಗಿಲ್ಲ. ಮೊನ್ನೆ ಒಬ್ಬ ಮ್ಯಾಕ್ಸಿ ಡ್ರೈವರ್ ಗಾಡಿ ನಿಧಾನ ಮಾಡಿ ಕಿಟಕಿಯಿಂದ ತಲೆ ಹಾಕಿ ಕೇಳಿದ:

“ಮಿಸ್ ಉರ್ಸುಲಾ, ಗಾಳೀನ ಬಿಟ್ರಾ ಇಲ್ವಾ?”

“ವರದಿ ಕೈಗೆ ಬರೋವರೆಗೂ ಅದು ಜಾಮೀನಿನ ಮೇಲಿದೆ,” ಎಂದಳು ಉರ್ಸುಲಾ. “ನಮ್ಮ ಅಡುಗೆಮನೇಲೇ ಇದೆ. ಊರು ಬಿಟ್ಟು ಹೋಗೋ ಹಾಗಿಲ್ಲ.”